ಮರದ ಮೇಲಿನ ಮನೆ



ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ ಕಂಬಂ ಕಣಿವೆ ಇದೆ. ದ್ರಾಕ್ಷಿ, ಬಾಳೆ, ಭತ್ತ ಬೆಳೆಯುವ ಸೀಮೆ. ಮನೆಯಲ್ಲಿ ಕನ್ನಡ ಮಾತಾಡುವ ಒಕ್ಕಲಿಗರು ತಲೆಮಾರುಗಳಿಂದ ಅಲ್ಲಿದ್ದಾರೆ. ಅಲ್ಲಿಂದ ಘಾಟಿ ಹತ್ತಿದರೆ ಕೇರಳದ ತೇಕ್ಕಡಿ. ಅಲ್ಲಿ ರಸ್ತೆ ಪಕ್ಕ ನಾನು ಮರದ ಮೇಲೆ ಕಟ್ಟಿದ ಮನೆ ನೋಡಿದೆ. ಜನ ಹತ್ತಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾನೂ ಹತ್ತಿದೆ. ಕಾಲು ನಡುಗಿತು!

ಇದಕ್ಕೆ ಅಲ್ಲಿ 'ಏರುಮಾಡಂ' ಅಂತಾರೆ. ಏರುವುದು ಅಂದರೆ ಹತ್ತುವುದು. ಮಾಡ ಅಂದರೆ ಮನೆ. ನಮ್ಮ ಮಾತಿನ ಹಾಗೇ ಇದೆ, ಅಲ್ಲವೆ?

ಇದು ಮೋಜಿಗೆ ಹುಟ್ಟಿದ್ದಲ್ಲ. ಊರಾಳಿ ಮುಂತಾದ ಗಿರಿಜನರು ಆನೆಯಿಂದ ಜೀವ, ಬೆಳೆ ಉಳಿಸಿಕೊಳ್ಳಲು ಕಟ್ಟಿದ್ದು. ಆನೆ ಅಲುಗಿಸಲಾಗದ ದಪ್ಪ ಮರ ಆರಿಸಬೇಕು. ಬಿದಿರು ಸೀಳಿ ನೆಲ ಹಾಸಬೇಕು. ಮೇಲೆ ಹುಲ್ಲು ಹೊದಿಸಬೇಕು. ಕಟ್ಟು ಸಡಿಲವಾದರೆ ಮತ್ತೆ ಬಿಗಿಯಬೇಕು. ಆನೆ ಭಯ ಇವತ್ತಿಗೂ ಹೋಗಿಲ್ಲ. 2023ರ ಮೇ ತಿಂಗಳಲ್ಲಿ 'ಅರಿಕೊಂಬನ್' ಎಂಬ ಕಾಡಾನೆ ಕಂಬಂ ಪೇಟೆಯೊಳಗೇ ನುಗ್ಗಿತ್ತು.

ನಮ್ಮಲ್ಲೂ ಹೊಲ ಕಾಯಲು ಅಟ್ಟಣೆ ಕಟ್ಟುತ್ತೇವೆ. ರಾತ್ರಿಯೆಲ್ಲ ಅದರ ಮೇಲೆ ಕೂತು ಹಂದಿ ಓಡಿಸಿದವರು ನಿಮ್ಮಲ್ಲೇ ಇದ್ದೀರಿ. ಯಾವ ಮರ ಆದೀತು, ಯಾವ ಗಂಟು ಹಾಕಬೇಕು, ನಿಮಗೆ ಗೊತ್ತು. ಬಿ.ಎ. ಓದಿದ ನನಗೆ ಗೊತ್ತಿಲ್ಲ.

ಈಗ ನಿಮಗೆ ಅಕ್ಷರ ಬಂದಿದೆ. ಅಟ್ಟಣೆ ಕಟ್ಟುವುದು ಹೇಗೆ? ನಾಲ್ಕು ಸಾಲು ಬರೆದು ತನ್ನಿ. ತಪ್ಪಾದರೂ ಚಿಂತೆಯಿಲ್ಲ. ಬರೆಯದಿದ್ದರೆ ಆ ವಿದ್ಯೆ ನಿಮ್ಮ ಜೊತೆಗೇ ಹೋಗಿಬಿಡುತ್ತದೆ.