ಉಳುಕಿದ ಕಾಲಿಗೆ ಸಮತೋಲನದ ಪಾಠ

(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಾಲು ಉಳುಕುವುದನ್ನು ನಮ್ಮಲ್ಲಿ ಯಾರೂ ದೊಡ್ಡ ತೊಂದರೆಯೆಂದು ಭಾವಿಸುವುದಿಲ್ಲ. ಎಣ್ಣೆ ತಿಕ್ಕಿ, ಬಟ್ಟೆ ಸುತ್ತಿ, ನಾಲ್ಕು ದಿನ ಕುಂಟಿ, ಊತ ಇಳಿದ ಮೇಲೆ ಮರೆತುಬಿಡುತ್ತೇವೆ. ಆದರೆ ಕೆಲವರಿಗೆ ಆ ಕಾಲು ಮರೆಯಲು ಬಿಡುವುದಿಲ್ಲ. ವಾಲಿಬಾಲ್‌ನಲ್ಲಿ ನೆಗೆದು ಇಳಿದಾಗ ಹೊರಳುತ್ತದೆ, ಬಸ್ಸಿನಿಂದ ಇಳಿಯುವಾಗ ಹೊರಳುತ್ತದೆ, ಕಲ್ಲುಮಣ್ಣಿನ ದಾರಿಯಲ್ಲಂತೂ ಹೇಳುವುದೇ ಬೇಡ. ಕೊನೆಗೆ "ನನ್ನ ಕಾಲೇ ಹಾಗೆ" ಎಂದು ಆಟವನ್ನೇ ಬಿಡುತ್ತಾರೆ. ಅಂಥವರಿಗೆ ನಾನು ಹೇಳಬೇಕಾದದ್ದು ಇಷ್ಟೇ: ಅದು ಹಣೆಬರಹವಲ್ಲ. ಕಾಲು ಒಂದು ಪಾಠವನ್ನು ಮರೆತಿದೆ, ಅದನ್ನು ಮತ್ತೆ ಕಲಿಸಬಹುದು.

ಕಣಕಾಲು ಉಳುಕುವುದು ಹೆಚ್ಚಾಗಿ ಪಾದ ಒಳಮುಖವಾಗಿ ಮಡಚಿದಾಗ. ಆಗ ಹೊರಬದಿಯ ಲಿಗಮೆಂಟ್, ಅಂದರೆ ಎಲುಬನ್ನು ಎಲುಬಿಗೆ ಕಟ್ಟುವ ನಾರು, ಹಿಗ್ಗುತ್ತದೆ ಅಥವಾ ಹರಿಯುತ್ತದೆ. ಈ ನಾರು ಬರೀ ಹಗ್ಗವಲ್ಲ. ಪಾದ ಈಗ ಯಾವ ಕಡೆ ವಾಲಿದೆ ಎಂದು ಮೆದುಳಿಗೆ ತಿಳಿಸುವ ನರಗಳ ತುದಿಗಳೂ ಅದರಲ್ಲಿವೆ. ಆ ಸುದ್ದಿ ಸರಿಯಾಗಿ ತಲುಪದಿದ್ದರೆ ಕಾಲಿನ ಸ್ನಾಯುಗಳು ತಡವಾಗಿ ಬಿಗಿಯುತ್ತವೆ; ಅಷ್ಟರಲ್ಲಿ ಪಾದ ಹೊರಳಿರುತ್ತದೆ. 1965ರಲ್ಲಿ ಇಂಗ್ಲೆಂಡಿನ ವೈದ್ಯ ಫ್ರೀಮನ್ ಈ ವಿಚಾರವನ್ನು ಮುಂದಿಟ್ಟು, ಸಮತೋಲನದ ವ್ಯಾಯಾಮದಿಂದ ಕಾಲು ಹೊರಳುವುದು ಕಡಿಮೆಯಾಗುತ್ತದೆಂದು ತೋರಿಸಿದರು. ಲಿಗಮೆಂಟಿನ ಸಡಿಲಿಕೆ, ಸ್ನಾಯುಗಳ ದೌರ್ಬಲ್ಯ, ಮೆದುಳಿನ ನಿಯಂತ್ರಣದಲ್ಲಾಗುವ ಬದಲಾವಣೆ, ಇವೂ ಕಾರಣಗಳೆಂದು ಮುಂದಿನ ಸಂಶೋಧನೆಗಳು ಸೇರಿಸಿದವು. ಮೊದಲ ಉಳುಕಿನ ನಂತರ ಒಂದು ವರ್ಷ ಕಳೆದರೂ ಕಾಲು ಮತ್ತೆ ಮತ್ತೆ ಹೊರಳುತ್ತಿದ್ದರೆ ಅದನ್ನು ದೀರ್ಘಕಾಲದ ಅಸ್ಥಿರತೆ ಎನ್ನುತ್ತಾರೆ.

ವಿದ್ಯಾರ್ಥಿಗಳಿಗೆ ಹತ್ತಿರವಾದ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಫುಟ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್ ಆಡುವ 765 ಹೈಸ್ಕೂಲ್ ಮಕ್ಕಳ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಸಮತೋಲನ ತರಬೇತಿ ಪಡೆಯದವರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ ಕಾಲು ಉಳುಕಿತು. ಪಡೆದವರಲ್ಲಿ ಸುಮಾರು 6 ಮಂದಿಗೆ. ಈಗಾಗಲೇ ಅಸ್ಥಿರತೆಯಿಂದ ಬಳಲುವವರ ಬಗ್ಗೆ 2008ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ನಾಲ್ಕು ವಾರಗಳ 12 ತರಗತಿಗಳಲ್ಲೇ ಕಾಲಿನ ಕಾರ್ಯಶಕ್ತಿ ಮತ್ತು ಸಮತೋಲನ ಸುಧಾರಿಸಿದವು.

ನಿಮ್ಮ ಕಾಲನ್ನು ನೀವೇ ಪರೀಕ್ಷಿಸಬಹುದು. ನಿಂತು ವುಝೂ ಮಾಡುವವರು ಗಮನಿಸಿ: ಒಂದು ಕಾಲೆತ್ತಿ ತೊಳೆಯುವಾಗ ಯಾವ ಕಾಲಿನ ಮೇಲೆ ನಿಂತರೆ ಕೈ ಗೋಡೆಯನ್ನು ಹುಡುಕುತ್ತದೆ? ಪಾಠ ಬೇಕಾಗಿರುವುದು ಆ ಕಾಲಿಗೆ. ಆದರೆ ಅಭ್ಯಾಸವನ್ನು ಒದ್ದೆ ನೆಲದಲ್ಲಿ ಮಾಡಬೇಡಿ.

ಅಭ್ಯಾಸದ ಕ್ರಮ ಸರಳ. ಮೊದಲು ಗೋಡೆಯ ಪಕ್ಕ ಬರಿಗಾಲಲ್ಲಿ, ಮೊಣಕಾಲನ್ನು ತುಸು ಬಾಗಿಸಿ, ಒಂಟಿ ಕಾಲಲ್ಲಿ 30 ಸೆಕೆಂಡ್ ನಿಲ್ಲಿ. ಮೂರು ಬಾರಿ ಮಾಡಿ, ಕಾಲು ಬದಲಿಸಿ. ಅಲುಗಾಡದೆ ನಿಲ್ಲಲು ಬಂದ ಮೇಲೆ ಕಣ್ಣು ಮುಚ್ಚಿ ನಿಲ್ಲಿ. ಆಮೇಲೆ ಮಡಚಿದ ಕಂಬಳಿಯ ಮೇಲೆ ನಿಲ್ಲಿ. ಮುಂದೆ, ನಿಂತ ಹಾಗೆಯೇ ಗೆಳೆಯ ಎಸೆದ ಚೆಂಡು ಹಿಡಿಯಿರಿ, ಇನ್ನೊಂದು ಪಾದವನ್ನು ಮುಂದೆ, ಪಕ್ಕಕ್ಕೆ, ಹಿಂದಕ್ಕೆ ಚಾಚಿ ನೆಲ ಮುಟ್ಟಿಸಿ. ಕೊನೆಯ ಹಂತದಲ್ಲಿ ಒಂಟಿ ಕಾಲಲ್ಲಿ ಚಿಕ್ಕದಾಗಿ ಕುಪ್ಪಳಿಸಿ, ಇಳಿದಲ್ಲೇ ಅಲುಗಾಡದೆ ನಿಲ್ಲಿ. ಒಂದು ಹಂತ ಸುಲಭವಾಗದೆ ಮುಂದಿನದಕ್ಕೆ ಹೋಗಬೇಡಿ. ದಿನಕ್ಕೆ ಹತ್ತು ನಿಮಿಷ, ವಾರಕ್ಕೆ ಮೂರರಿಂದ ಐದು ದಿನ, ಕನಿಷ್ಠ ನಾಲ್ಕರಿಂದ ಆರು ವಾರ ಬಿಡದೆ ಮಾಡಬೇಕು. ಎರಡೇ ದಿನ ಮಾಡಿ ಪ್ರಯೋಜನವಿಲ್ಲವೆಂದರೆ ಕಾಲಿನ ತಪ್ಪಲ್ಲ.

ಕೆಲವು ಎಚ್ಚರಿಕೆಗಳು. ಹೊಸದಾಗಿ ಪೆಟ್ಟಾಗಿ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಕಣಕಾಲಿನ ಎಲುಬನ್ನು ಒತ್ತಿದಾಗ ನೋವಾದರೆ, ಮೊದಲು ವೈದ್ಯರಿಗೆ ತೋರಿಸಿ, ಮೂಳೆ ಮುರಿದಿರಬಹುದು. ಅಭ್ಯಾಸದಿಂದ ನೋವು, ಊತ ಹೆಚ್ಚಿದರೆ ನಿಲ್ಲಿಸಿ ಫಿಜಿಯೋಥೆರಪಿಸ್ಟರನ್ನು ಕಾಣಿ. ವಯಸ್ಸಾದವರು ಭದ್ರವಾದ ಮೇಜನ್ನು ಹಿಡಿದು, ಮನೆಯವರು ಹತ್ತಿರ ಇರುವಾಗಲೇ ಮಾಡಲಿ. ಕಣ್ಣು ಮುಚ್ಚುವುದು, ಕುಪ್ಪಳಿಸುವುದು ಅವರಿಗೆ ಬೇಡ. ಲಿಗಮೆಂಟ್ ತೀರಾ ಸಡಿಲವಾಗಿ, ತಿಂಗಳುಗಟ್ಟಲೆ ಸರಿಯಾಗಿ ವ್ಯಾಯಾಮ ಮಾಡಿದರೂ ಗುಣವಾಗದ ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ನಮ್ಮ ಶಾಲೆಗಳ ದೈಹಿಕ ಶಿಕ್ಷಕರಲ್ಲಿ ನನ್ನದೊಂದು ವಿನಂತಿ. ಆಟದ ಅವಧಿಯ ಮೊದಲ ಹತ್ತು ನಿಮಿಷವನ್ನು ಇದಕ್ಕೆ ಮೀಸಲಿಡಿ. ಹುಡುಗಿಯರನ್ನೂ ಮರೆಯಬೇಡಿ. ಇದಕ್ಕೆ ಯಂತ್ರ ಬೇಡ, ಶುಲ್ಕ ಬೇಡ, ದೊಡ್ಡ ಮೈದಾನವೂ ಬೇಡ. ಒಮ್ಮೆ ಕಾಲು ಉಳುಕಿದ ಕಾರಣಕ್ಕೆ ಒಂದು ಮಗು ಆಟದ ಬಯಲಿನ ಬದಿಯಲ್ಲಿ ಕೂರುವಂತಾದರೆ, ಅದು ನಾವು ತಪ್ಪಿಸಬಹುದಾದ ನಷ್ಟ.