ಪರದೆಯ ಮೇಲೊಂದು ಮೃದಂಗ

ಪರದೆಯ ಮೇಲೆ ಕಾಣುತ್ತಿರುವುದು ಚುಕ್ಕಿ ರಂಗೋಲಿಯಲ್ಲ, ಅಲೆಗಳ ಸಿಮ್ಯುಲೇಶನ್. ಒಂದೊಂದು ಚುಕ್ಕಿಯೂ ಪುಟ್ಟ ಗುಂಡು. ಸುತ್ತಲಿನ ನಾಲ್ಕು ಗುಂಡುಗಳಿಗೆ ಸ್ಪ್ರಿಂಗ್‌ನಿಂದ ಕಟ್ಟಿದೆ. ನಡುವಿನದೊಂದನ್ನು ಮೌಸ್‌ನಿಂದ ಮೇಲೆಳೆದು ಬಿಡುತ್ತೇನೆ, ನೋಡಿ. ಅಲೆ ಅಂಚಿನವರೆಗೂ ಹೋಯಿತು. ಗುಂಡು ಮಾತ್ರ ಇದ್ದಲ್ಲೇ ಮೇಲೆ ಕೆಳಗೆ ಆಡುತ್ತಿದೆ. ಅಂಚನ್ನು ಬಿಗಿದಿದ್ದರೆ ಅಲೆ ತಲೆಕೆಳಗಾಗಿ ಮರಳುತ್ತದೆ. ಸಡಿಲ ಬಿಟ್ಟರೆ ನೆಟ್ಟಗೇ ಮರಳುತ್ತದೆ. ಪಿಯುಸಿಯಲ್ಲಿ ಇದನ್ನೇ ಉರು ಹೊಡೆದವರು ಇಲ್ಲಿ ಎಷ್ಟು ಜನವೋ! ಕೈ ಎತ್ತಬೇಕಾಗಿಲ್ಲ.

ನನಗೆ ಇಷ್ಟವಾದ ಆಟ ಬೇರೆ. ಅಂಚನ್ನು ದುಂಡಗೆ ಬಿಗಿದರೆ ಇದೇ ಬಲೆ ಚರ್ಮವಾದ್ಯವಾಗುತ್ತದೆ. ಬರಿಯ ಚರ್ಮದಲ್ಲಿ ಎರಡನೆಯ ಕಂಪನದ ಆವೃತ್ತಿ ಮೊದಲನೆಯದರ ಸುಮಾರು 1.59 ಪಟ್ಟು. ಪೂರ್ಣಸಂಖ್ಯೆಯ ಲೆಕ್ಕಕ್ಕೆ ಕೂರದು. ಅದಕ್ಕೇ ತಮಟೆಗೆ ಗತ್ತುಂಟು, ಶ್ರುತಿ ನಿಲ್ಲದು. ಈಗ ನಡುವಿನ ಗುಂಡುಗಳ ತೂಕ ಹೆಚ್ಚಿಸೋಣ. ಎಷ್ಟು ತೂಕ, ಎಷ್ಟು ಅಗಲಕ್ಕೆ ಎಂಬುದು ಹೊಂದಿದರೆ ಆವೃತ್ತಿಗಳು ಎರಡು, ಮೂರು ಪಟ್ಟಿನ ಹತ್ತಿರ ಬಂದು ನಿಲ್ಲುತ್ತವೆ. ಮೃದಂಗದ ಕಪ್ಪು ಕರಣೆ ಮಾಡುವುದೂ ಇದನ್ನೇ. ಸಿ. ವಿ. ರಾಮನ್ ಸಹೋದ್ಯೋಗಿಯೊಡನೆ 1920ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದಿದ್ದರು. ವಾದ್ಯ ಮಾಡುವವರು ಅದಕ್ಕೂ ಬಹಳ ಹಿಂದೆಯೇ ಬರೀ ಕಿವಿಯಿಂದ ಕಂಡುಕೊಂಡಿದ್ದರು. ನನ್ನ ಮಟ್ಟಿಗೆ ದೊಡ್ಡ ಎಂಜಿನಿಯರುಗಳು ಅವರೇ.

ಒಂದು ಎಚ್ಚರಿಕೆ. ಕಂಪ್ಯೂಟರು ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತಿರುತ್ತದೆ. ಆ ಅಂತರ ಜಾಸ್ತಿಯಾದರೆ ಬಲೆ ಸಿಡಿದು ಚೆಲ್ಲಾಪಿಲ್ಲಿ. ಅದು ಪ್ರಕೃತಿಯ ನಿಯಮವಲ್ಲ, ಲೆಕ್ಕದ ಎಡವಟ್ಟು. ಮಕ್ಕಳಿಗೆ ಅದನ್ನೂ ತೋರಿಸಿ.

ಸರಿ, ಮೌಸ್ ಯಾರಿಗೆ ಕೊಡಲಿ? ಅಜ್ಜಿ, ಮೊದಲು ನೀವೇ ಬನ್ನಿ.