ಟಾಕೊ ಇಲ್ಲದ ಟಾಕೊ ಸೂಪು



16ನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಪಾಕಗ್ರಂಥವನ್ನು ಷಟ್ಪದಿಯಲ್ಲಿ ರಚಿಸಿದನು. ಆದುದರಿಂದ ಕನ್ನಡ ಅಧ್ಯಾಪಕನೊಬ್ಬನು ಅಡಿಗೆಯ ಮಾತೆತ್ತಿದರೆ ಅದು ಅಧಿಕಪ್ರಸಂಗವಾಗಲಾರದು. ನಾನಿಂದು ಹೇಳಹೊರಟಿರುವುದು ಅಮೆರಿಕದ ಟೆಕ್ಸಾಸಿನ ಮನೆಗಳಲ್ಲಿ ಚಳಿಗಾಲದ ಸಂಜೆ ಕುದಿಯುವ ಒಂದು ಸೂಪನ್ನು ಕುರಿತು. ಆಸ್ಟಿನ್ ನಗರದ ನನ್ನ ಮಗಳ ಮನೆಯಲ್ಲಿ ನಾನೇ ಅದನ್ನು ಹಲವು ಸಲ ಮಾಡಿದ್ದೇನೆ. ಅದರ ಹೆಸರು ಟಾಕೊ ಸೂಪು. ವಿಚಿತ್ರವೆಂದರೆ ಅದರಲ್ಲಿ ಟಾಕೊ ಇರುವುದಿಲ್ಲ!

ಟಾಕೊ ಎಂದರೆ ಮೆಕ್ಸಿಕೊದ ಜೋಳದ ರೊಟ್ಟಿಯನ್ನು ಮಡಿಸಿ, ಒಳಗೆ ಪಲ್ಯವನ್ನೋ ಮಾಂಸವನ್ನೋ ಇಟ್ಟು ಕೈಯಲ್ಲೇ ಹಿಡಿದು ತಿನ್ನುವ ತಿನಿಸು. ಜೋಳವೆಂದರೆ ಇಲ್ಲಿ ಮುಸುಕಿನ ಜೋಳ. ಸೂಪಿನಲ್ಲಿ ಉಳಿದಿರುವುದು ಆ ತಿನಿಸಿನ ಪರಿಮಳ ಮಾತ್ರ. ಆದ್ದರಿಂದಲೇ ಇದು ಖೋಟಾ ಅಡಿಗೆ ಎಂದು ಮೂಗು ಮುರಿಯುವವರುಂಟು. ಮೆಕ್ಸಿಕೊದ ಅಡಿಗೆಯನ್ನು ಊರೂರು ಅಲೆದು ಕಲಿತ ಡಯಾನಾ ಕೆನಡಿ ಎಂಬ ಆಂಗ್ಲ ಮಹಿಳೆ 1972ರಲ್ಲಿ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ ಮೇಲೆ, ಮೆಕ್ಸಿಕೊದ್ದು ಬೇರೆ, ಟೆಕ್ಸಾಸಿನದು ಬೇರೆ ಎಂಬ ವಿವೇಚನೆ ಬಲವಾಯಿತು. ಆ ವಿವೇಚನೆ ಸರಿಯಾದುದೇ. ಆದರೆ ಬೇರೆ ಎಂದ ಮಾತ್ರಕ್ಕೆ ಕೀಳೆಂದಾಗುವುದಿಲ್ಲ.

ಆ ಪರಿಮಳವನ್ನೇ ಬಿಡಿಸಿ ನೋಡೋಣ. ಮೆಣಸಿನಕಾಯಿ ಮೆಕ್ಸಿಕೊದ ಮಣ್ಣಿನದು. ಚಿಲ್ಲಿ, ಟೊಮ್ಯಾಟೊ ಎಂಬ ಹೆಸರುಗಳು ಅಸ್ಟೆಕ್ ಜನರ ನಾವಾಟ್ಲ್ ಭಾಷೆಯಿಂದ ಬಂದವು. ಜೀರಿಗೆ ಹಳೆಯ ಜಗತ್ತಿನದು. ಸ್ಪೇನಿನವರೊಡನೆ ಕಡಲು ದಾಟಿ ಹೋಯಿತು. ಒರೆಗಾನೊ ಎಂಬ ಎಲೆಯ ಕಥೆ ಇನ್ನೂ ಸ್ವಾರಸ್ಯವಾದುದು. ಮೆಡಿಟರೇನಿಯನ್ ತೀರದ ಒರೆಗಾನೊ ಒಂದು ಗಿಡ, ಮೆಕ್ಸಿಕೊದ್ದು ಬೇರೆಯೇ ಕುಲದ ಗಿಡ. ಪರಿಮಳದ ಹೋಲಿಕೆಯಿಂದ ಒಂದರ ಹೆಸರು ಇನ್ನೊಂದಕ್ಕೆ ಅಂಟಿಕೊಂಡಿತು. 1836ರವರೆಗೆ ಮೆಕ್ಸಿಕೊದ ಭಾಗವೇ ಆಗಿದ್ದ ಟೆಕ್ಸಾಸಿನಲ್ಲಿ, ಜರ್ಮನಿಯಿಂದ ಬಂದು ನೆಲೆಸಿದ್ದ ವಿಲಿಯಂ ಗೆಭಾರ್ಟ್ 1890ರ ದಶಕದಲ್ಲಿ ಮೆಣಸಿನಕಾಯಿಯ ಮಸಾಲೆಪುಡಿ ಮಾಡಿ ಮಾರತೊಡಗಿದನು. ಇಂದು ಪೊಟ್ಟಣಗಳಲ್ಲಿ ದೊರೆಯುವ ಟಾಕೊ ಪುಡಿ ಅದೇ ಬಳಗದ್ದು.

ಪೊಟ್ಟಣದ ಹಂಗಿಲ್ಲದೆಯೂ ಸೂಪು ಮಾಡಬಹುದು. ನಾಲ್ವರಿಗಾಗುವಷ್ಟು ಹೇಳುತ್ತೇನೆ. ಒಂದು ಬಟ್ಟಲು ರಾಜ್ಮಾ ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಕುದಿಸಿ ಮೆತ್ತಗೆ ಬೇಯಿಸಿಕೊಳ್ಳಿ. ಈ ಕಾಳು ಅರೆಬೆಂದರೆ ಹೊಟ್ಟೆ ಕೆಡುವುದು ಖಂಡಿತ, ಅದರಲ್ಲಿರುವ ಒಂದು ಬಗೆಯ ವಿಷ ಜೋರಾದ ಕುದಿತಕ್ಕೆ ಮಾತ್ರ ಅಳಿಯುತ್ತದೆ. ಎರಡು ಚಮಚ ಎಣ್ಣೆಯಲ್ಲಿ ಹೆಚ್ಚಿದ ಒಂದು ಈರುಳ್ಳಿ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ ಬಾಡಿಸಿ. ಉರಿ ತಗ್ಗಿಸಿ ಎರಡು ಸಣ್ಣ ಚಮಚ ಮೆಣಸಿನಪುಡಿ, ಅಷ್ಟೇ ಜೀರಿಗೆಪುಡಿ, ಒಂದು ಸಣ್ಣ ಚಮಚ ಒರೆಗಾನೊ ಹಾಕಿ ಅರೆನಿಮಿಷ ತಿರುವಿ. ಇವುಗಳ ಪರಿಮಳ ನೀರಿಗಿಂತ ಎಣ್ಣೆಗೆ ಬೇಗ ಇಳಿಯುವುದರಿಂದ ಈ ಕ್ರಮ. ಒಗ್ಗರಣೆ ಬಲ್ಲ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಬಳಿಕ ಮೂರು ಹಣ್ಣು ಟೊಮ್ಯಾಟೊ, ಒಂದು ಬಟ್ಟಲು ಎಳೆಯ ಜೋಳದ ಕಾಳು, ಬೆಂದ ರಾಜ್ಮಾ, ನಾಲ್ಕು ಬಟ್ಟಲು ನೀರು, ಉಪ್ಪು ಹಾಕಿ ಇಪ್ಪತ್ತು ನಿಮಿಷ ಕುದಿಸಿ. ಟೆಕ್ಸಾಸಿನವರು ಕೊಚ್ಚಿದ ದನದ ಮಾಂಸವನ್ನೂ ಹುರಿದು ಸೇರಿಸುತ್ತಾರೆ. ತಿನ್ನದವರು ಒಂದು ಸೌಟು ಕಾಳನ್ನು ಮಸೆದು ಹಾಕಿದರೆ ಸೂಪು ಮಂದವಾಗುತ್ತದೆ.

ಕೆನೆಯದು ಕೊನೆಯ ಸರದಿ. ಟೊಮ್ಯಾಟೊದ ಹುಳಿಯೂ ಕುದಿಯುವ ಬಿಸಿಯೂ ಸೇರಿದರೆ ಹಾಲು ಒಡೆಯುತ್ತದೆ. ಆದ್ದರಿಂದ ಜಿಡ್ಡು ಹೆಚ್ಚಿರುವ ಗಟ್ಟಿ ಕೆನೆ ಅರ್ಧ ಬಟ್ಟಲು ತೆಗೆದುಕೊಂಡು, ಒಂದು ಸೌಟು ಬಿಸಿ ಸೂಪನ್ನು ಅದಕ್ಕೆ ಬೆರೆಸಿ, ಒಲೆಯಿಂದಿಳಿಸಿದ ಪಾತ್ರೆಗೆ ಮೆಲ್ಲನೆ ಸುರಿಯಬೇಕು. ಖಾರವೂ ಆಗ ಸೌಮ್ಯವಾಗುತ್ತದೆ; ಅದನ್ನು ನೀರು ತೊಳೆಯಲಾರದು, ಹಾಲು ತೊಳೆಯಬಲ್ಲುದು. ಮೇಲೆ ಕೊತ್ತಂಬರಿ ಸೊಪ್ಪು, ನಿಂಬೆರಸ, ಕರಿದ ಜೋಳದ ರೊಟ್ಟಿಯ ಚೂರು. ಅಂತೂ ಟಾಕೊ ಚೂರುಚೂರಾಗಿಯಾದರೂ ಬಟ್ಟಲಿಗೆ ಬಂದಿತು!

ಈಗ ಖೋಟಾ ಎಂಬ ಆಕ್ಷೇಪಕ್ಕೆ ಬರೋಣ. ಮಂಗರಸನ ಗ್ರಂಥದಲ್ಲಿ ಮೆಣಸಿನಕಾಯಿ ಇಲ್ಲ. ಪೋರ್ಚುಗೀಸರ ಹಡಗಿನಲ್ಲಿ ಬಂದ ಆ ಹೊಸ ಕಾಯಿಗೆ ನಮ್ಮ ಹಿರಿಯರು ಮನೆಯಲ್ಲಿದ್ದ ಮೆಣಸಿನ ಹೆಸರನ್ನೇ ಕೊಟ್ಟು ಒಳಗೆ ಕರೆದುಕೊಂಡರು. ಸ್ಪೇನಿನವರೂ ಹಾಗೆಯೇ ಮಾಡಿದರು. ಕರಿಮೆಣಸು ಅವರಿಗೆ ಪಿಮಿಯೆಂತ, ಮೆಣಸಿನಕಾಯಿ ಪಿಮಿಯೆಂತೊ. ಹೊಸ ರುಚಿಯನ್ನು ಹಳೆಯ ಹೆಸರಿನಿಂದ ಕೂಗುವುದು ಮೋಸವಲ್ಲ, ಅದು ಮನುಷ್ಯನ ನೆನಪಿನ ರೀತಿ. ಟಾಕೊ ಸೂಪು ಎಂಬ ಹೆಸರಿನಲ್ಲಿ ಇರುವುದೂ ಅಂಥದೇ ಒಂದು ನೆನಪು. ಇದನ್ನು ಮೆಕ್ಸಿಕೊದ ಪ್ರಾಚೀನ ಪಾಕವೆಂದು ಬಡಿಸಿದರೆ ಸುಳ್ಳಾದೀತು. ಗಡಿನಾಡಿನ ಅಡಿಗೆಯೆಂದು ಬಡಿಸಿದರೆ ಅದಕ್ಕಿಂತ ನಿಜವಾದ ಊಟವಿಲ್ಲ. ಮೆಣಸಿನಕಾಯಿಯಿಲ್ಲದ ಹುಳಿಯನ್ನು ಊಹಿಸಲಾರದ ನಾವು ಶುದ್ಧಿಯ ಮಾತನ್ನು ಅಡಿಗೆಮನೆಯಲ್ಲಿ ತುಸು ಮೆಲ್ಲಗೆ ಆಡುವುದು ಲೇಸು.